ಕರಾರಿನ ವೈಮಾನಿಕರು

1932ನೆಯ ಇಸವಿಯ ಅಕ್ಟೋಬರ್ 15ರಂದು ಕರಾಚಿಯಿಂದ ಹೊರಟ ಟಪಾಲಿನ ಚೀಲವು, ಅಹಮದಾಬಾದಿನ ಮಾರ್ಗವಾಗಿ ಮುಂಬಯಿಯ ಜುಹೂ ಬಯಲನ್ನು ಮುಟ್ಟಿ, ಅಲ್ಲಿ ಬೇರೊಬ್ಬ ವೈಮಾನಿಕನ ಕೈಗೆ ಬಂದು, ಆ ಕಾಲಕ್ಕೆ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯಲ್ಲಿ ಇಳಿದು, ಕಡೆಗೆ ಮದರಾಸನ್ನು ಸೇರಿತು. ಈ ಯಾನದ ಪೂರ್ವಾರ್ಧವನ್ನು ನಡಸಿದ ಜೆ.ಆರ್.ಡಿ. ಟಾಟಾ ಅವರ ಹೆಸರನ್ನು ಕೇಳದ ಭಾರತೀಯರು ಕಡಮೆ. ಉತ್ತರಾರ್ಧವನ್ನು ನಡಸಿ ಟಪಾಲಿನ ವಿಮಾನವನ್ನು ಬಳ್ಳಾರಿಯ ನೆಲಕ್ಕೆ ಇಳಿಸಿದ ನೆವಿಲ್ ವಿನ್ಸೆಂಟ್ ಎಂಬಾತನನ್ನು ನೆನೆಯುವವರು ಅದಕ್ಕಿಂತಲೂ ಕಡಮೆ. ಆತ ಈ ದೇಶದವನಲ್ಲ. ಬ್ರಿಟನ್ನಿನ ವಾಯುದಳದಲ್ಲಿ ಸೇವೆ ಸಲ್ಲಿಸಿ, ಬಳಿಕ ಜೊತೆಗಾರನೊಬ್ಬನೊಡನೆ ಯುದ್ಧಕಾಲದ ಹಳೆಯ ಮಾದರಿಯ ಎರಡು ವಿಮಾನಗಳನ್ನು ಕಟ್ಟಿಕೊಂಡು ಭರತಖಂಡಕ್ಕೆ ಬಂದು, ಊರೂರ ಬಯಲಿನಲ್ಲಿ ಹಣ ತೆತ್ತವರನ್ನು ಆಕಾಶಕ್ಕೆ ಏರಿಸಿ ಇಳಿಸುತ್ತ ಸಂಚರಿಸಿದವನು. ಕರಾಚಿಯವರೆಗೆ ಬಂದು ನಿಲ್ಲುತ್ತಿದ್ದ ವಿಲಾಯತಿಯ ಟಪಾಲನ್ನು ದಕ್ಷಿಣಕ್ಕೆ ಒಯ್ಯುವ ಯೋಜನೆಯನ್ನು ಟಾಟಾ ಮನೆತನದ ಮುಂದೆ ಇಟ್ಟವನೂ ಅವನೇ. ಹತ್ತು ವರ್ಷ ಕಳೆದು, ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ ವಿಮಾನಪ್ರಯಾಣದಲ್ಲಿಯೇ ಆತನ ಅಂತ್ಯವಾಯಿತು. ಪರರ ನೆಲದಲ್ಲಿ ಪರರ ವಿಮಾನವನ್ನು ನಡಸಿ ಜೀವಿಸುವ ವೃತ್ತಿಯು ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಹೀಗೆ, ಹೊರಗಿನವನೊಬ್ಬನು ನಮ್ಮಲ್ಲಿಗೆ ಬಂದ ರೂಪದಲ್ಲಿ.

ಆದುದರಿಂದ, ವಿದೇಶದ ವಿಮಾನಸಂಸ್ಥೆಯೊಂದರಿಂದ ಕರೆ ಬಂದಾಗ ಹೋಗುವುದೋ ನಿಲ್ಲುವುದೋ ಎಂದು ನಮ್ಮ ತರುಣರು ಇಂದು ಪಡುತ್ತಿರುವ ಚಿಂತೆಯು ದುಬೈ, ದೋಹಾಗಳ ಏಳಿಗೆಯೊಡನೆ ಹುಟ್ಟಿದ್ದೆಂದು ಭಾವಿಸಬೇಕಾದುದಿಲ್ಲ. ಅದು ಈ ವೃತ್ತಿಯಷ್ಟೇ ಹಳೆಯದು, ಮತ್ತು ಅದಕ್ಕೆ ಮೂರು ತಲೆಮಾರಿನ ವೈಮಾನಿಕರು ತಮ್ಮ ಜೀವಮಾನವನ್ನೇ ಒಡ್ಡಿ ಉತ್ತರಗಳನ್ನು ಪಡೆದಿದ್ದಾರೆ. ಸಂಬಳವೆಷ್ಟು, ಮನೆಬಾಡಿಗೆಯೆಷ್ಟು, ಮಕ್ಕಳ ಶಾಲೆಯ ವೆಚ್ಚವನ್ನು ಕೊಡುವವರು ಯಾರು, ವರಮಾನ ತೆರಿಗೆ ಉಂಟೋ ಇಲ್ಲವೋ ಎಂಬ ಲೆಕ್ಕವನ್ನು ಮನೆಮಂದಿಯೆಲ್ಲ ಕುಳಿತು ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದು. ಆ ಲೆಕ್ಕದಲ್ಲಿ ಸಿಕ್ಕದೆ ಉಳಿಯುವ ಸಂಗತಿಯೊಂದು ಇದೆ. ಈ ವೃತ್ತಿಯ ಚರಿತ್ರೆಯನ್ನು ಓದುವವನ ಎದುರಿಗೆ ಅದು ಮತ್ತೆ ಮತ್ತೆ ಬಂದು ನಿಲ್ಲುತ್ತದೆ.

ವೈಮಾನಿಕನು ಒಂದು ಸಂಸ್ಥೆಯನ್ನು ತೊರೆದು ಮತ್ತೊಂದನ್ನು ಸೇರುವಾಗ ತನ್ನೊಡನೆ ಒಯ್ಯುವ ಮುಖ್ಯವಾದ ಸೊತ್ತೆಂದರೆ ಅವನ ಲಾಗ್ ಪುಸ್ತಕ. ಯಾವ ದಿನ, ಯಾವ ಜಾತಿಯ ವಿಮಾನ, ಅದರ ನೋಂದಣಿಯ ಅಕ್ಷರಗಳಾವುವು, ಎಲ್ಲಿಂದ ಎಲ್ಲಿಗೆ, ಎಡಗಡೆಯ ಆಸನದಲ್ಲಿ ಕ್ಯಾಪ್ಟನ್ನನಾಗಿ ಕುಳಿತದ್ದೋ ಬಲಗಡೆಯಲ್ಲಿ ಸಹಚಾಲಕನಾಗಿ ಕುಳಿತದ್ದೋ, ಹಗಲಿನ ಹಾರಾಟವೆಷ್ಟು, ರಾತ್ರಿಯದೆಷ್ಟು ಎಂಬುದನ್ನೆಲ್ಲ ಸಾಲುಸಾಲಾಗಿ ಬರೆದು, ಪುಟದ ಬುಡದಲ್ಲಿ ಗಂಟೆ ನಿಮಿಷಗಳ ಮೊತ್ತವನ್ನು ಕೂಡಿ ಮುಂದಿನ ಪುಟಕ್ಕೆ ಒಯ್ಯುತ್ತ ಹೋಗುವ ಆ ಪುಸ್ತಕದ ಅಂಕಿಗಳಿಗೆ ಜಗತ್ತಿನ ಎಲ್ಲೆಡೆಯಲ್ಲಿಯೂ ಬೆಲೆಯುಂಟು. 1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ರಾಷ್ಟ್ರಗಳು ಸಹಿ ಮಾಡಿದ ಒಡಂಬಡಿಕೆಯು ಇದಕ್ಕೆ ಆಧಾರವನ್ನು ಒದಗಿಸಿತು. ಸರ್ವಸಮ್ಮತವಾದ ಕನಿಷ್ಠ ಮಟ್ಟಕ್ಕೆ ಕಡಮೆಯಿಲ್ಲದಂತೆ ಒಂದು ದೇಶ ಕೊಟ್ಟ ಲೈಸೆನ್ಸನ್ನು ಇತರ ದೇಶಗಳು ಮಾನ್ಯ ಮಾಡತಕ್ಕದ್ದೆಂಬ ತತ್ತ್ವವು ಅಲ್ಲಿ ನೆಲೆಗೊಂಡು, ಅದರ ಅನುಬಂಧದಲ್ಲಿ ವಿಮಾನಸಂಸ್ಥೆಯ ಪೂರ್ಣ ಪ್ರಮಾಣದ ಲೈಸೆನ್ಸಿಗೆ 1,500 ಗಂಟೆಗಳ ಹಾರಾಟ ಬೇಕೆಂಬ ಅಳತೆಯು ನಿಂತಿತು. ಮುಂಬಯಿಯಲ್ಲಿ ಗಳಿಸಿದ ಗಂಟೆಯು ಅಡಿಸ್ ಅಬಾಬದಲ್ಲಿಯೂ ಗಂಟೆಯೇ.

ಜ್ಯೇಷ್ಠತೆಯ ಮಾತು ಹಾಗಲ್ಲ. ಸರಕಾರಿ ಕಚೇರಿಗಳಲ್ಲಿ ದುಡಿದ ನಮ್ಮ ಓದುಗರಿಗೆ ಜ್ಯೇಷ್ಠತಾ ಪಟ್ಟಿಯೆಂದರೇನೆಂದು ವಿವರಿಸುವ ಆವಶ್ಯಕತೆಯಿಲ್ಲ. ಆದರೆ ವಿಮಾನಸಂಸ್ಥೆಗಳಲ್ಲಿ, ವಿಶೇಷವಾಗಿ ಹಳೆಯ ಪದ್ಧತಿಯನ್ನು ಕಾಪಾಡಿಕೊಂಡು ಬಂದವುಗಳಲ್ಲಿ, ಆ ಪಟ್ಟಿಯ ಅಧಿಕಾರವು ಯಾವ ಕಚೇರಿಯಲ್ಲಿಯೂ ಕಾಣದಷ್ಟು ವ್ಯಾಪಕವಾದುದು. ಕೆಲಸಕ್ಕೆ ಸೇರಿದ ದಿನಾಂಕದಿಂದ ಹುಟ್ಟುವ ಆ ಒಂದು ಸಂಖ್ಯೆಯೇ ಬಲಗಡೆಯ ಆಸನದಿಂದ ಎಡಗಡೆಯ ಆಸನಕ್ಕೆ ಎಂದು ದಾಟುವನೆಂಬುದನ್ನು, ಚಿಕ್ಕ ವಿಮಾನದಿಂದ ದೊಡ್ಡದಕ್ಕೆ ಎಂದು ಏರುವನೆಂಬುದನ್ನು, ಯಾವ ಊರಿನಲ್ಲಿ ಮನೆ ಮಾಡುವನೆಂಬುದನ್ನು, ದೀಪಾವಳಿಗೆ ಮಕ್ಕಳೊಡನೆ ಇರುವನೋ ಇಲ್ಲವೋ ಎಂಬುದನ್ನು ನಿರ್ಣಯಿಸುತ್ತದೆ. ದುಷ್ಕಾಲ ಬಂದು ಜನರನ್ನು ಕಡಮೆ ಮಾಡಬೇಕಾದಾಗ ಪಟ್ಟಿಯ ಬುಡದಿಂದ ಮೇಲಕ್ಕೆ ಕತ್ತರಿ ಆಡುತ್ತದೆ. ಇಪ್ಪತ್ತು ವರ್ಷ ಹಾರಿದ ಕ್ಯಾಪ್ಟನ್ನನು ಇನ್ನೊಂದು ದೇಶದ ಸಂಸ್ಥೆಯನ್ನು ಸೇರಿದನೆಂದರೆ ಅವನ ಹತ್ತೋ ಹದಿನೈದೋ ಸಾವಿರ ಗಂಟೆಗಳು ಅವನೊಡನೆ ಸೇರುತ್ತವೆ. ಅವನ ಸಂಖ್ಯೆ ಮಾತ್ರ, ನೆನ್ನೆ ಸೇರಿದ ತರುಣನಿಗಿಂತ ಒಂದು ಮೆಟ್ಟಲು ಕೆಳಗೆ ಹೊಸದಾಗಿ ಮೊದಲಾಗುತ್ತದೆ. ಗಂಟೆಗಳು ವೈಮಾನಿಕನ ಸ್ವಂತ ಸೊತ್ತು, ಜ್ಯೇಷ್ಠತೆಯು ಸಂಸ್ಥೆಯ ಸೊತ್ತು: ಪರದೇಶದ ಕರೆಯನ್ನು ತೂಗುವ ತಕ್ಕಡಿಯ ಎರಡು ತಟ್ಟೆಗಳು ಇವೇ ಎಂದು ನನ್ನ ನಂಬಿಕೆ.

ಇದನ್ನು ಮೊದಲು ಕಲಿತವರಲ್ಲಿ ಚೀನಾದೇಶಕ್ಕೆ ಹೋದ ಅಮೆರಿಕನ್ನರು ಪ್ರಮುಖರು. 1929ರಲ್ಲಿ ಮೊದಲಾಗಿ ಮರುವರ್ಷ ಪುನರ್ರಚಿತವಾದ ಚೈನಾ ನ್ಯಾಷನಲ್ ಏವಿಯೇಷನ್ ಕಾರ್ಪೊರೇಷನ್ ಎಂಬ ಸಂಸ್ಥೆಯಲ್ಲಿ ಚೀನೀ ಸರಕಾರಕ್ಕೆ ನೂರಕ್ಕೆ 55 ಪಾಲು, ಅಮೆರಿಕದ ಬಂಡವಾಳಗಾರರಿಗೆ 45 ಪಾಲು ಇದ್ದಿತು. 1933ರಲ್ಲಿ ಈ 45 ಪಾಲು ಪಾನ್ ಅಮೆರಿಕನ್ ಸಂಸ್ಥೆಯ ವಶಕ್ಕೆ ಹೋಯಿತು. ನೀರಿನ ಮೇಲೂ ನೆಲದ ಮೇಲೂ ಇಳಿಯಬಲ್ಲ ಲೋನಿಂಗ್ ವಿಮಾನಗಳನ್ನು ಯಾಂಗ್‌ಟ್ಸೆ ನದಿಯ ಜಾಡನ್ನೇ ಹಿಡಿದು ಷಾಂಘಾಯಿಯಿಂದ ಹ್ಯಾಂಕೋವಿಗೆ, 1931ರ ಸುಮಾರಿನಿಂದ ಕಮರಿಗಳ ಮಧ್ಯೆ ನುಸುಳಿ ಚುಂಗ್‌ಕಿಂಗ್‌ವರೆಗೆ ನಡಸಲು ಕರಾರಿನ ಮೇಲೆ ಬಂದವರು ಬಹುಪಾಲು ಅಮೆರಿಕದ ವೈಮಾನಿಕರೇ. ಅವರ ಸ್ವದೇಶದಲ್ಲಿ ಆಗ ಆರ್ಥಿಕ ಮಹಾಕುಸಿತದ ಕಾಲ. ವಿಮಾನ ನಡಸಬಲ್ಲವರು ಹೆಚ್ಚಾಗಿ, ನಡಸಲು ಇದ್ದ ಆಸನಗಳು ಕಡಮೆಯಾಗಿದ್ದುವು. ಪರದೇಶದ ಕರೆಯನ್ನು ಒಪ್ಪುವವನಿಗೆ ಹಿಂದಿನಿಂದ ನೂಕುವ ಬಲವೂ ಮುಂದಿನಿಂದ ಸೆಳೆಯುವ ಬಲವೂ ಕೂಡಿಯೇ ಇರುತ್ತವೆಂಬುದಕ್ಕೆ ಇವರು ಸಾಕ್ಷಿ. ಸಾಹಸದ ಹಂಬಲ ಅವರಲ್ಲಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಊರಿನಲ್ಲಿ ಕೆಲಸವಿದ್ದಿದ್ದರೆ ಅವರಲ್ಲಿ ಹಲವರು ಹಡಗು ಹತ್ತುತ್ತಿರಲಿಲ್ಲವೆಂಬುದೂ ಅಷ್ಟೇ ನಿಶ್ಚಯ.

ಅವರು ಸೇರಿದ ಕೆಲಸವು ಕರಾರಿನ ಕಾಗದದಲ್ಲಿ ಬರೆದಷ್ಟಕ್ಕೆ ನಿಲ್ಲಲಿಲ್ಲ. 1937ರಲ್ಲಿ ಜಪಾನು ಚೀನಾದ ಮೇಲೆ ಬಿದ್ದಿತು. 1938ರ ಆಗಸ್ಟ್ 24ರಂದು ಹಾಂಗ್‌ಕಾಂಗಿನಿಂದ ಹೊರಟ ಈ ಸಂಸ್ಥೆಯ ಡಿಸಿ-2 ಪ್ರಯಾಣಿಕ ವಿಮಾನವೊಂದನ್ನು ಜಪಾನಿನ ಯುದ್ಧವಿಮಾನಗಳು ಅಟ್ಟಿಸಿಕೊಂಡು ಬಂದು ಗುಂಡಿನ ಮಳೆಗರೆದುವು. ಅದರ ಚಾಲಕ ಹ್ಯೂ ವುಡ್ಸ್ ವಿಮಾನವನ್ನು ನದಿಯ ನೀರಿಗೆ ಇಳಿಸಿ ತಾನು ಬದುಕಿದನಾದರೂ ಒಳಗಿದ್ದವರಲ್ಲಿ ಬಹುಮಂದಿ ಸತ್ತರು. ಇನ್ನೊಂದು ಪ್ರಸಂಗವನ್ನು ವೈಮಾನಿಕರು ಇಂದಿಗೂ ಹೇಳಿಕೊಳ್ಳುವುದುಂಟು. 1941ರಲ್ಲಿ ಸುಯ್ಫು ಎಂಬಲ್ಲಿ ನಿಂತಿದ್ದ ಡಿಸಿ-3 ವಿಮಾನವೊಂದರ ರೆಕ್ಕೆಯು ಬಾಂಬಿಗೆ ಸಿಕ್ಕಿ ಮುರಿಯಿತು. ಹಾಂಗ್‌ಕಾಂಗಿನಲ್ಲಿ ಆ ಜಾತಿಯ ರೆಕ್ಕೆ ಇರಲಿಲ್ಲ, ಅದಕ್ಕಿಂತ ಚಿಕ್ಕದಾದ ಡಿಸಿ-2ರ ರೆಕ್ಕೆ ಇದ್ದಿತು. ಅದನ್ನೇ ಮತ್ತೊಂದು ವಿಮಾನದ ಹೊಟ್ಟೆಯ ಕೆಳಗೆ ಬಿಗಿದು ಹಾರಿಸಿಕೊಂಡು ಹೋಗಿ, ಮುರಿದ ವಿಮಾನಕ್ಕೆ ಜೋಡಿಸಿದರು. ಒಂದು ಕಡೆ ದೊಡ್ಡ ರೆಕ್ಕೆ, ಇನ್ನೊಂದು ಕಡೆ ಚಿಕ್ಕ ರೆಕ್ಕೆಯಾದ ಆ ವಿಮಾನವು ಹಾರಿ ಹಾಂಗ್‌ಕಾಂಗನ್ನು ಸೇರಿತು. ಅದೇ ವರ್ಷದ ಡಿಸೆಂಬರ್ 8ರಂದು ಅಲ್ಲಿನ ಕಾಯ್ ಟಾಕ್ ನಿಲ್ದಾಣದ ಮೇಲೆಯೇ ಬಾಂಬುಗಳು ಬಿದ್ದು ಸಂಸ್ಥೆಯ ಹಲವು ವಿಮಾನಗಳು ನಿಂತಲ್ಲಿಯೇ ಸುಟ್ಟುಹೋದಾಗ, ಉಳಿದವುಗಳನ್ನು ರಾತ್ರಿಯ ಹೊತ್ತು, ಊರಿನಲ್ಲಿ ದೀಪಗಳಿಲ್ಲದ ಕತ್ತಲೆಯಲ್ಲಿ, ಮತ್ತೆ ಮತ್ತೆ ಹಾರಿಸಿ ನೂರಾರು ಜನರನ್ನು ಮುತ್ತಿಗೆಯಿಂದ ಹೊರಕ್ಕೆ ತಂದವರು ಈ ಸಂಬಳದ ವೈಮಾನಿಕರು. ಪರದೇಶದವನು ಹಣಕ್ಕಾಗಿ ಬಂದವನು, ಕಷ್ಟ ಬಂದರೆ ಓಡಿಹೋಗುವನೆಂದು ಆಡಿಕೊಳ್ಳುವವರು ಆ ರಾತ್ರಿಗಳ ವೃತ್ತಾಂತವನ್ನು ಓದಬೇಕು.

1942ರಲ್ಲಿ ಬರ್ಮಾ ರಸ್ತೆಯು ಮುಚ್ಚಿಹೋಗಲು, ಚೀನಾಕ್ಕೆ ಬೇಕಾದ ಸರಕೆಲ್ಲವೂ ನಮ್ಮ ಅಸ್ಸಾಮಿನ ನೆಲದಿಂದಲೇ ಹಾರಿ ಹೋಗಬೇಕಾಯಿತು. ದಿಂಜಾನಿನಿಂದ ಕುನ್ಮಿಂಗ್‌ವರೆಗಿನ ಪರ್ವತದಾರಿಗೆ ವೈಮಾನಿಕರು ಇಟ್ಟ ಹೆಸರು ಹಂಪ್ ಎಂದು. ಹೋಗುವಾಗ ಪೆಟ್ರೋಲಿನ ಪೀಪಾಯಿಗಳು, ಮದ್ದುಗುಂಡು, ಕಾಗದದ ನಾಣ್ಯದ ಕಟ್ಟುಗಳು. ಬರುವಾಗ ಟಂಗ್ಸ್ಟನ್ ಅದಿರು, ತವರ, ಹಂದಿಯ ಕೂದಲು, ಬಿಹಾರದ ರಾಮಗಢದಲ್ಲಿ ತರಬೇತಿ ಪಡೆಯಲಿದ್ದ ಚೀನೀ ಸೈನಿಕರು. ಸಂಸ್ಥೆಯ ವೈಮಾನಿಕರಲ್ಲಿ ಅನೇಕರು ಕಲಕತ್ತೆಯಲ್ಲಿ ಬಿಡಾರ ಮಾಡಿಕೊಂಡು, ತಿಂಗಳಿನ ಕೆಲವು ದಿನ ಅಲ್ಲಿಯೂ ಉಳಿದ ದಿನ ಹಿಮದ ಶಿಖರಗಳ ಮೇಲೂ ಕಳೆದರು. ಮಿಂಚು, ಮಂಜು, ರೆಕ್ಕೆಯ ಮೇಲೆ ಕಟ್ಟುವ ಹಿಮ, ಎಂಜಿನ್ನಿನ ಶಕ್ತಿಗೆ ಮೀರಿದ ಎತ್ತರ, ಇವುಗಳಿಗೆ ಸಿಕ್ಕಿ ಕಾಡಿನಲ್ಲಿ ಬಿದ್ದವರಲ್ಲಿ ಎಷ್ಟೋ ಮಂದಿಯ ದೇಹವೂ ಸಿಕ್ಕಲಿಲ್ಲ.

ಈ ಚೀನೀ ಸಂಸ್ಥೆಯ ಕಥೆಗೆ ನಮ್ಮ ನಾಡಿನ ಎಳೆಯೊಂದು ಸೇರಿಕೊಂಡಿದೆ. 1930ರ ದಶಕದ ಆದಿಯಲ್ಲಿ ಅದರ ಆಡಳಿತದಲ್ಲಿದ್ದ ವಿಲಿಯಂ ಪಾಲಿ ಎಂಬ ಅಮೆರಿಕನ್ನನು ತನ್ನ ಪಾಲನ್ನು ಬಿಟ್ಟುಕೊಟ್ಟು ಚೀನಾದಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದಿದ್ದನು. ಬರ್ಮಾದ ಗಡಿಯ ಬಳಿಯಿದ್ದ ಆ ಕಾರ್ಖಾನೆಯು 1940ರಲ್ಲಿ ಬಾಂಬಿನ ದಾಳಿಗೆ ಗುರಿಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರಕಾರದ ನೆರವಿನಿಂದ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದಾಗ ಅದಕ್ಕೆ ಯಂತ್ರಜ್ಞಾನವನ್ನೂ ಕುಶಲರಾದ ಜನರನ್ನೂ ಒದಗಿಸಿಕೊಟ್ಟವನು ಈ ಪಾಲಿಯೇ. 1943ರಿಂದ ಯುದ್ಧ ಮುಗಿಯುವವರೆಗೆ ಆ ಕಾರ್ಖಾನೆಯು ಅಮೆರಿಕದ ವಾಯುದಳದ ಉಸ್ತುವಾರಿಯಲ್ಲಿದ್ದು, ಈ ಭಾಗದ ರಣರಂಗದ ವಿಮಾನಗಳನ್ನೂ ಎಂಜಿನ್ನುಗಳನ್ನೂ ದುರಸ್ತಿ ಮಾಡಿತು. ಪರದೇಶದ ಕರಾರಿನ ಮೇಲೆ ದೇಶಾಂತರ ಹೋದವರ ಸಾಲಿನಲ್ಲಿ ವೈಮಾನಿಕರಷ್ಟೇ ಅಲ್ಲ, ಸ್ಪಾನರು ಹಿಡಿದವರೂ ಇದ್ದರು. ನಮ್ಮ ರಾಜಧಾನಿಯ ವಿಮಾನೋದ್ಯಮದ ತಳಪಾಯದಲ್ಲಿ ಅಂಥವರ ದುಡಿಮೆಯೂ ಸೇರಿದೆ.

ಯುದ್ಧ ಮುಗಿದು ನಾಲ್ಕೇ ವರ್ಷದಲ್ಲಿ, 1949ರ ನವೆಂಬರ್ 9ರಂದು, ಹಾಂಗ್‌ಕಾಂಗಿನಲ್ಲಿ ಸೇರಿಕೊಂಡಿದ್ದ ಆ ಚೀನೀ ಸಂಸ್ಥೆಯ ಮುಖ್ಯಾಧಿಕಾರಿಯೂ ಅದರ ಸೋದರಸಂಸ್ಥೆಯೊಂದರ ಮುಖ್ಯಾಧಿಕಾರಿಯೂ ಹೊಸ ಚೀನೀ ಸರಕಾರದ ಪಕ್ಷವನ್ನು ಸೇರಲು ನಿಶ್ಚಯಿಸಿ, ಹನ್ನೆರಡು ವಿಮಾನಗಳೊಡನೆ ಉತ್ತರಕ್ಕೆ ಹಾರಿಹೋದರು. ಉಳಿದ 71 ವಿಮಾನಗಳು ಕಾಯ್ ಟಾಕಿನಲ್ಲಿ ಸಾಲಾಗಿ ನಿಂತುವು. ಅವು ಯಾರ ಸೊತ್ತೆಂಬ ವ್ಯಾಜ್ಯವು ಹಾಂಗ್‌ಕಾಂಗಿನ ನ್ಯಾಯಾಲಯಗಳನ್ನು ಸುತ್ತಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ, 1952ರಲ್ಲಿ ಅಮೆರಿಕನ್ನರ ಪರವಾಗಿ ತೀರ್ಮಾನವಾಯಿತು. ಆದರೆ ವಿಮಾನಗಳ ಒಡೆತನವನ್ನು ನ್ಯಾಯಾಲಯ ಹಿಂದಿರುಗಿಸಬಲ್ಲದಾಗಿದ್ದಿತೇ ಹೊರತು, ವೈಮಾನಿಕರ ಜ್ಯೇಷ್ಠತೆಯನ್ನು ಯಾವ ನ್ಯಾಯಾಲಯವೂ ಹಿಂದಿರುಗಿಸಲಾರದಾಗಿದ್ದಿತು, ಏಕೆಂದರೆ ಆ ಪಟ್ಟಿಯನ್ನು ಇಟ್ಟಿದ್ದ ಸಂಸ್ಥೆಯೇ ಇಲ್ಲವಾಗಿತ್ತು. ಹದಿನೈದು ವರ್ಷ ಕಮರಿಗಳಲ್ಲಿಯೂ ಪರ್ವತಗಳಲ್ಲಿಯೂ ಹಾರಿದವನು ಅಮೆರಿಕಕ್ಕೆ ಮರಳಿದರೆ, ಅಲ್ಲಿನ ಸಂಸ್ಥೆಗಳ ಪಟ್ಟಿಯ ಮೇಲ್ಭಾಗವೆಲ್ಲ ಊರಿನಲ್ಲಿಯೇ ಉಳಿದವರಿಂದ ತುಂಬಿಹೋಗಿತ್ತು.

ಹಂಪಿನ ದಾರಿಯಲ್ಲಿ ಹಾರಿದವರಲ್ಲಿ ಇಬ್ಬರು, ಅಮೆರಿಕದ ರಾಯ್ ಫ್ಯಾರೆಲ್ ಮತ್ತು ಆಸ್ಟ್ರೇಲಿಯಾದ ಸಿಡ್ನಿ ಡಿ ಕಾಂಟ್ಸೋ, ಪರರ ಪಟ್ಟಿಯಲ್ಲಿ ಸಂಖ್ಯೆ ಕಾಯುವ ಬದಲು ತಮ್ಮದೇ ಸಂಸ್ಥೆಯನ್ನು ಕಟ್ಟುವ ಮನಸ್ಸು ಮಾಡಿ, 1946ರ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗಿನಲ್ಲಿ ಕ್ಯಾಥೇ ಪೆಸಿಫಿಕ್ಕನ್ನು ನೋಂದಾಯಿಸಿದರು. ಯುದ್ಧದಿಂದ ಉಳಿದ, ಬೆಟ್ಸಿ ಎಂದು ಹೆಸರಿಟ್ಟ ಡಿಸಿ-3 ವಿಮಾನವೇ ಅದರ ಮೂಲಧನ. ಆದರೆ ಹಾಂಗ್‌ಕಾಂಗ್ ಬ್ರಿಟಿಷರ ವಸಾಹತು. ಅಲ್ಲಿನ ವಿಮಾನಸಂಸ್ಥೆಯ ಹೆಚ್ಚಿನ ಪಾಲು ಬ್ರಿಟಿಷ್ ಪ್ರಜೆಗಳ ಕೈಯಲ್ಲಿ ಇರಬೇಕೆಂದು ಆಡಳಿತವು ಪಟ್ಟು ಹಿಡಿದುದರಿಂದ, 1948ರಲ್ಲಿ ಸ್ವಾಯರ್ ವ್ಯಾಪಾರಮನೆತನವು ಪಾಲುದಾರನಾಗಿ ಬಂದು, ಅಮೆರಿಕದ ಪ್ರಜೆಯಾದ ಫ್ಯಾರೆಲ್ ತಾನೇ ಹುಟ್ಟಿಸಿದ ಸಂಸ್ಥೆಯಿಂದ ಹೊರನಡೆಯಬೇಕಾಯಿತು. ಕಟ್ಟಿದವನನ್ನೇ ಪಾಸ್‌ಪೋರ್ಟು ಹೊರಗೆ ಹಾಕಿದಾಗ, ಸಂಬಳಕ್ಕೆ ಬಂದವನು ಯಾವ ಭರವಸೆಯನ್ನು ಇಟ್ಟುಕೊಳ್ಳಬಹುದು?

ಇಥಿಯೋಪಿಯದಲ್ಲಿ ಈ ಮಾತನ್ನು ಮೊದಲೇ ಮುಚ್ಚುಮರೆಯಿಲ್ಲದೆ ಆಡಿದ್ದರು. ಅದಕ್ಕಾಗಿ ಅಲ್ಲಿನ ವಿಮಾನಸಂಸ್ಥೆಯನ್ನು ನಾನು ಗೌರವಿಸುತ್ತೇನೆ. ಚಕ್ರವರ್ತಿ ಹೈಲೆ ಸೆಲಾಸಿಯು 1945ರಲ್ಲಿ ಅಮೆರಿಕದ ಟಿಡಬ್ಲ್ಯುಎ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಸ್ಥಾಪಿಸಿದ ಇಥಿಯೋಪಿಯನ್ ಏರ್‌ಲೈನ್ಸ್, 1946ರ ಏಪ್ರಿಲ್ 8ರಂದು ಅಸ್ಮಾರದ ಮಾರ್ಗವಾಗಿ ಕೈರೋವಿಗೆ ತನ್ನ ಮೊದಲ ಯಾನವನ್ನು ಕೈಗೊಂಡಾಗ ವಿಮಾನ ನಡಸಿದವರೂ, ದುರಸ್ತಿ ಮಾಡಿದವರೂ, ಮೇಜಿನ ಹಿಂದೆ ಕುಳಿತು ಆಳಿದವರೂ ಅಮೆರಿಕನ್ನರೇ. ಆದರೆ ತಮ್ಮ ಕೆಲಸವನ್ನು ಇಥಿಯೋಪಿಯನ್ನರಿಗೆ ಕಲಿಸಿ ಒಪ್ಪಿಸುವುದೂ ಅವರ ಕೆಲಸದ ಅಂಗವೆಂದು ಗೊತ್ತಾಗಿದ್ದಿತು. 1957ರಲ್ಲಿ ಅಲೆಮಾಯೆಹು ಅಬೆಬೆ ಎಂಬಾತ ವಿಮಾನದ ಅಧಿಪತ್ಯ ವಹಿಸಿದ ಮೊದಲ ಇಥಿಯೋಪಿಯನ್ ಕ್ಯಾಪ್ಟನ್ ಆದನು. 1971ರಲ್ಲಿ ಮುಖ್ಯಾಡಳಿತಗಾರನ ಕುರ್ಚಿಯೂ ಇಥಿಯೋಪಿಯದವನಿಗೆ ಸೇರಿತು. ಹೊಸ ರಾಷ್ಟ್ರವೊಂದಕ್ಕೆ ಹಾರುವುದನ್ನು ಕಲಿಸಲು ಹೋದವನ ಸಾಫಲ್ಯವು ಅವನು ಅನಾವಶ್ಯಕನಾಗುವುದರಲ್ಲಿಯೇ ಇದೆ; ಅದನ್ನು ತಿಳಿದು ಹೋದವರು ಕಹಿಯಿಲ್ಲದೆ ಮರಳಿದರು.

ಇಲ್ಲಿಯವರೆಗಿನ ಮಾತನ್ನು ಕೇಳಿದವರು, ಹಾಗಾದರೆ ಊರಿನ ಪಟ್ಟಿಯಲ್ಲಿ ಭದ್ರವಾಗಿ ಕುಳಿತಿರುವುದೇ ಜಾಣತನವಲ್ಲವೇ ಎಂದು ಕೇಳಿಯಾರು. ಅದಕ್ಕೆ ಉತ್ತರವು ಆಸ್ಟ್ರೇಲಿಯಾದ ಚರಿತ್ರೆಯಲ್ಲಿದೆ. 1952ರಿಂದ ಆ ದೇಶದ ಒಳನಾಡಿನ ಮುಖ್ಯಮಾರ್ಗಗಳನ್ನು ಕಾಯ್ದೆಯ ರಕ್ಷಣೆಯಲ್ಲಿ ಎರಡೇ ಸಂಸ್ಥೆಗಳು ಹಂಚಿಕೊಂಡಿದ್ದುವು, ಒಂದು ಸರಕಾರದ್ದು, ಇನ್ನೊಂದು ಖಾಸಗಿಯವರದು, 1957ರಿಂದ ಅದು ಆನ್ಸೆಟ್. ಜಗತ್ತಿನಲ್ಲಿ ಅದಕ್ಕಿಂತ ನಿಶ್ಚಿಂತವಾದ ವೈಮಾನಿಕ ವೃತ್ತಿ ಮತ್ತೊಂದು ಕಡೆ ಇದ್ದೀತೆಂದು ತೋರುವುದಿಲ್ಲ. 1989ರಲ್ಲಿ, ವೇತನವನ್ನು ನೂರಕ್ಕೆ 30ರಷ್ಟು ಏರಿಸಬೇಕೆಂದು ವೈಮಾನಿಕರ ಸಂಘವು ಕೇಳಿತು. ಕಾರ್ಮಿಕ ಸಂಘಗಳೊಡನೆ ವೇತನದ ಒಡಂಬಡಿಕೆ ಮಾಡಿಕೊಂಡಿದ್ದ ಪ್ರಧಾನಿ ಬಾಬ್ ಹಾಕ್‌ರ ಸರಕಾರವು ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾದೀತೆಂದು ಕದಲಲಿಲ್ಲ. ಆಗಸ್ಟ್ 18ರಿಂದ ವೈಮಾನಿಕರು ಕಚೇರಿಯ ಗುಮಾಸ್ತರಂತೆ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಾತ್ರ ಹಾರುವೆವೆಂದು ನಿಂತರು. ಸಂಸ್ಥೆಗಳು ವೈಮಾನಿಕರ ಮೇಲೆ ವೈಯಕ್ತಿಕವಾಗಿ ದಾವೆ ಹೂಡಲು ತೊಡಗಿದುವು. ಸರಕಾರವು ವಾಯುದಳದ ವಿಮಾನಗಳನ್ನು ಪ್ರಯಾಣಿಕರಿಗಾಗಿ ಇಳಿಸಿತು. ದಾವೆಗಳಿಂದ ಪಾರಾಗಲು ಉಳಿದದ್ದು ಒಂದೇ ದಾರಿಯೆಂದು ಬಗೆದು, ಆಗಸ್ಟ್ 24ರಂದು, 1,600ಕ್ಕೂ ಹೆಚ್ಚು ವೈಮಾನಿಕರು ಒಂದೇ ದಿನ ರಾಜೀನಾಮೆ ಕೊಟ್ಟರು.

ಆ ಸಹಿಯಿಂದ ಅವರು ಕಳೆದುಕೊಂಡದ್ದು ಸಂಬಳವನ್ನಲ್ಲ, ಸಂಖ್ಯೆಯನ್ನು. ಸಂಸ್ಥೆಗಳು ಹೊಸ ಕರಾರುಗಳನ್ನು ಬರೆದು ಒಬ್ಬೊಬ್ಬರನ್ನಾಗಿ ಮರಳಿ ಕರೆದುವು, ಹೊರದೇಶದಿಂದ ವಿಮಾನಗಳನ್ನೂ ವೈಮಾನಿಕರನ್ನೂ ತರಿಸಿದುವು. ಮರುವರ್ಷದ ಹೊತ್ತಿಗೆ ಹೋರಾಟವು ಸೋತು ಮುಗಿಯಿತು. ಮರಳಿ ಹೋದವರಿಗೂ ಹೋಗದವರಿಗೂ ನಡುವೆ ಬೆಳೆದ ದ್ವೇಷದಿಂದ ಹಳೆಯ ಗೆಳೆತನಗಳು ಮುರಿದುವು. ಹೋಗದವರು ಐರೋಪ್ಯ ರಾಷ್ಟ್ರಗಳಿಗೆ, ಹಾಂಗ್‌ಕಾಂಗಿಗೆ, ಸಿಂಗಪುರಕ್ಕೆ, ಆಗಷ್ಟೇ ಕಣ್ದೆರೆಯುತ್ತಿದ್ದ ಕೊಲ್ಲಿಯ ಸಂಸ್ಥೆಗಳಿಗೆ ಚದುರಿಹೋದರು. ನಲವತ್ತು ದಾಟಿದ, ಸಾಲ ಮಾಡಿ ಮನೆ ಕಟ್ಟಿಸಿದ, ಮಕ್ಕಳನ್ನು ಶಾಲೆಗೆ ಸೇರಿಸಿದ ಕ್ಯಾಪ್ಟನ್ನನು ಪರದೇಶದ ಸಂಸ್ಥೆಯಲ್ಲಿ ಮತ್ತೆ ಬಲಗಡೆಯ ಆಸನದಲ್ಲಿ, ತನಗಿಂತ ಕಿರಿಯನ ಪಕ್ಕದಲ್ಲಿ, ಹೊಸ ವಿಮಾನದ ಪಾಠವನ್ನು ಮೊದಲಿನಿಂದ ಓದುತ್ತ ಕೂತನೆಂಬುದನ್ನು ಊಹಿಸಿಕೊಂಡರೆ ಆ ನಿರ್ಧಾರದ ಭಾರ ತಿಳಿದೀತು. ಆದರೆ ಕಥೆಯ ಇನ್ನೊಂದು ಅರ್ಧವೂ ಉಂಟು. ಊರಿನಲ್ಲಿಯೇ ಉಳಿದು ಆನ್ಸೆಟ್ಟಿನ ಹೊಸ ಪಟ್ಟಿಯಲ್ಲಿ ಮೇಲಿನ ಸ್ಥಾನಗಳನ್ನು ಪಡೆದವರು ಹನ್ನೆರಡು ವರ್ಷ ನೆಮ್ಮದಿಯಿಂದ ಹಾರಿದರು. 2001ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯು ಕುಸಿದು, ಕೆಲವು ತಿಂಗಳಲ್ಲಿ ಹೇಳಹೆಸರಿಲ್ಲದಾಯಿತು. ಜ್ಯೇಷ್ಠತೆಯೆಂಬುದು ಅದನ್ನು ಬರೆದಿಟ್ಟ ಸಂಸ್ಥೆಯ ಆಯುಸ್ಸಿಗಿಂತ ಒಂದು ದಿನವೂ ಹೆಚ್ಚು ಬಾಳುವುದಿಲ್ಲ. 1989ರಲ್ಲಿ ಹೊರಟುಹೋಗಿ ಹೊರನಾಡಿನಲ್ಲಿ ಕೆಳಗಿನಿಂದ ಹತ್ತಿದವನು 2001ರ ವೇಳೆಗೆ ಎಷ್ಟೋ ಕಡೆ ಮೇಲಕ್ಕೆ ಬಂದಿದ್ದನು.

ಕೊಲ್ಲಿಯ ಕಡೆಗೆ ಬರೋಣ. ದುಬೈಯ ಎಮಿರೇಟ್ಸ್ 1985ರ ಅಕ್ಟೋಬರ್ 25ರಂದು ತನ್ನ ಮೊದಲ ಯಾನವನ್ನು ಕೈಗೊಂಡದ್ದು ಕರಾಚಿಗೆ, ಪಾಕಿಸ್ತಾನದ ರಾಷ್ಟ್ರೀಯ ಸಂಸ್ಥೆಯಿಂದ ಬಾಡಿಗೆಗೆ ಪಡೆದ ವಿಮಾನದಲ್ಲಿ. ಜನಸಂಖ್ಯೆ ಅಲ್ಪವಾಗಿ, ವಿಮಾನಗಳ ಸಂಖ್ಯೆ ಮಾತ್ರ ವರ್ಷವರ್ಷವೂ ಏರುವ ದೇಶಗಳಲ್ಲಿ ವೈಮಾನಿಕರು ಹೊರಗಿನಿಂದ ಬರುವುದು ಅನಿವಾರ್ಯ. ಆದುದರಿಂದ ಅಲ್ಲಿ ಪರದೇಶದವನಿಗೆ ಕ್ಯಾಪ್ಟನ್ ಪದವಿಯೂ, ಸಂಸ್ಥೆಯೇ ಕೊಡುವ ಮನೆಯೂ, ಮಕ್ಕಳ ವಿದ್ಯಾಭ್ಯಾಸದ ವೆಚ್ಚವೂ ದೊರೆಯುವ ಪದ್ಧತಿ ಬೆಳೆಯಿತು. ಆದರೆ ವಾಸದ ಅನುಮತಿಯು ಕೆಲಸಕ್ಕೆ ಅಂಟಿಕೊಂಡಿರುತ್ತದೆ. 2020ರಲ್ಲಿ ಮಹಾಮಾರಿಯು ವಿಮಾನಗಳನ್ನು ನೆಲಕ್ಕೆ ಕಟ್ಟಿಹಾಕಿದಾಗ ಅಲ್ಲಿನ ಸಂಸ್ಥೆಗಳು ನೂರಾರು ವೈಮಾನಿಕರನ್ನು ಬಿಡಿಸಿದುವು. ಕೆಲಸ ಹೋಯಿತೆಂದರೆ ಸಂಸ್ಥೆಯ ಮನೆಯೂ ಹೋಯಿತು, ದೇಶದಲ್ಲಿ ನಿಲ್ಲುವ ಹಕ್ಕಿಗೂ ದಿನಗಳ ಎಣಿಕೆ ಮೊದಲಾಯಿತು, ಮಕ್ಕಳು ಶಾಲೆಯ ವರ್ಷದ ನಡುವೆ ಊರಿಗೆ ಮರಳಬೇಕಾಯಿತು.

ನಮ್ಮವರ ಪಾಡಾದರೋ ಎರಡು ಕಡೆಯ ನಡುವೆ ಸಿಕ್ಕಿದ್ದು. ಬೆಂಗಳೂರಿನ ಕಿಂಗ್‌ಫಿಷರ್ 2005ರಲ್ಲಿ ಹಾರಲು ತೊಡಗಿ, ತಿಂಗಳುಗಟ್ಟಲೆ ಸಂಬಳ ಬಾಕಿಯಿಟ್ಟು, 2012ರ ಅಕ್ಟೋಬರಿನಲ್ಲಿ ನಿಂತುಹೋಯಿತು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಿತು. ಕಾಲು ಶತಮಾನದ ಜ್ಯೇಷ್ಠತಾ ಪಟ್ಟಿಯು ಆ ಒಂದು ರಾತ್ರಿಯಲ್ಲಿ ಬರಿಯ ಕಾಗದವಾಗಲು, ಅಲ್ಲಿನ ವೈಮಾನಿಕರಲ್ಲಿ ಅನೇಕರು ಪರದೇಶದ ಕರೆಗೆ ಓಗೊಟ್ಟರು. ಅವರ ವಿಷಯದಲ್ಲಿ ತೂಗುವ ಪ್ರಶ್ನೆಯೇ ಏಳಲಿಲ್ಲ, ತಕ್ಕಡಿಯ ಒಂದು ತಟ್ಟೆ ಬರಿದಾಗಿತ್ತು. ಇತ್ತ, ಇರುವ ಸಂಸ್ಥೆಯಿಂದ ಬಿಡುಗಡೆ ಪಡೆಯುವುದೂ ಸುಲಭವಲ್ಲ: 2017ರಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ಹೊರಡಿಸಿದ ನಿಯಮದಂತೆ ಕ್ಯಾಪ್ಟನ್ನನು ಒಂದು ವರ್ಷ, ಸಹಚಾಲಕನು ಆರು ತಿಂಗಳು ಮುಂಚೆ ನೋಟೀಸು ಕೊಡಬೇಕು. ಕರೆದ ಸಂಸ್ಥೆಯು ಅಷ್ಟು ಕಾಲ ಕಾದಿರುವುದೋ ಇಲ್ಲವೋ, ಕಾದ ಕಾಲದಲ್ಲಿ ಜಗತ್ತಿನ ಗತಿ ಏನಾಗುವುದೋ! 2019ರ ಕಡೆಯಲ್ಲಿ ನೋಟೀಸು ಕೊಟ್ಟವನ ಒಂದು ವರ್ಷವು ಯಾವ ವರ್ಷದೊಳಗೆ ಹೋಗಿ ಬಿದ್ದಿತೆಂಬುದನ್ನು ಓದುಗರು ತಾವೇ ಎಣಿಸಿಕೊಳ್ಳಬಹುದು.

ಹೀಗಿರುವಾಗ, ಕರೆಯ ಪತ್ರವನ್ನು ಕೈಯಲ್ಲಿ ಹಿಡಿದು ನಿಂತವನಿಗೆ ನನ್ನ ಅಭಿಪ್ರಾಯವೇನೆಂದು ಕೇಳಿದರೆ, ವಯಸ್ಸನ್ನು ನೋಡು ಎಂದು ಮೊದಲು ಹೇಳುವೆನು. ಕಳೆದುಕೊಳ್ಳಲು ಸಂಖ್ಯೆಯೇ ಇಲ್ಲದ ಇಪ್ಪತ್ತೈದರ ಸಹಚಾಲಕನು ದೊಡ್ಡ ವಿಮಾನದ ಗಂಟೆಗಳಿಗಾಗಿ ಹೋದರೆ ಲಾಭವೇ ಹೆಚ್ಚು. 2006ರಲ್ಲಿ ಅಂತಾರಾಷ್ಟ್ರೀಯ ನಿಯಮವು ವೈಮಾನಿಕರ ವಯಸ್ಸಿನ ಮಿತಿಯನ್ನು 60ರಿಂದ 65ಕ್ಕೆ ಏರಿಸಿದುದರಿಂದ, ಮಕ್ಕಳ ಹೊಣೆ ತೀರಿ, ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯ ವೈದ್ಯರ ಪರೀಕ್ಷೆಯಲ್ಲಿ ಹೃದಯವೂ ಕಣ್ಣೂ ನೆಟ್ಟಗಿವೆಯೆಂದು ಗೊತ್ತಾದ ಹಿರಿಯನು ಕಡೆಯ ಕೆಲವು ವರ್ಷಗಳಿಗೆ ಹೋಗುವುದರಲ್ಲಿಯೂ ಕೆಡುಕಿಲ್ಲ. ಕಷ್ಟವಿರುವುದು ನಡುವಯಸ್ಸಿನವನಿಗೆ. ಅವನು ಸಂಬಳದ ಸಾಲಿಗಿಂತ ಮುಂಚೆ ಓದಬೇಕಾದುದು ಕೆಲಸದಿಂದ ಬಿಡಿಸುವ ಸಂದರ್ಭದ ಷರತ್ತನ್ನು. ಹೊಸ ಸಂಸ್ಥೆಯ ಬಗೆಗೆ ವಿಚಾರಿಸುವುದಕ್ಕಿಂತ ಮುಂಚೆ ವಿಚಾರಿಸಬೇಕಾದುದು ತಾನಿರುವ ಸಂಸ್ಥೆಯ ಸಾಲಗಳನ್ನು, ಅದು ವಿಮಾನದ ಬಾಡಿಗೆಯನ್ನು ಹೊತ್ತುಹೊತ್ತಿಗೆ ಕಟ್ಟುತ್ತಿದೆಯೇ ಎಂಬುದನ್ನು. ಆನ್ಸೆಟ್ಟಿನವರೂ ಜೆಟ್ಟಿನವರೂ ತಮ್ಮ ಸಂಖ್ಯೆಯನ್ನು ಜೋಪಾನ ಮಾಡಿದರೇ ಹೊರತು, ಆ ಸಂಖ್ಯೆಯನ್ನು ಬರೆದ ಪುಸ್ತಕಕ್ಕೆ ಗೆದ್ದಲು ಹತ್ತಿರುವುದನ್ನು ತಡವಾಗಿ ಕಂಡರು.

2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ, ಜೂನ್ ತಿಂಗಳಲ್ಲಿ ಇಂಡಿಗೋ 500 ವಿಮಾನಗಳಿಗೂ ಬೇಡಿಕೆಯಿಟ್ಟ ಮೇಲೆ, ಅವುಗಳಲ್ಲಿ ಎಡಗಡೆಯ ಆಸನವನ್ನು ತುಂಬುವವರು ಯಾರೆಂಬ ಪ್ರಶ್ನೆ ಈ ದೇಶಕ್ಕೆ ಬಂದಿದೆ. ವಿದೇಶೀ ವೈಮಾನಿಕರಿಗೆ ತಾತ್ಕಾಲಿಕ ಪರವಾನಗಿ ಕೊಟ್ಟು ಕರೆಸಿಕೊಳ್ಳುವ ವ್ಯವಸ್ಥೆಯು ನಮ್ಮ ಕಾನೂನಿನಲ್ಲಿ ಮೊದಲಿಂದ ಉಂಟು. ಅದನ್ನು ನಿಲ್ಲಿಸುವ ಗಡುವುಗಳನ್ನು ಸರಕಾರವು ಹಲವು ಬಾರಿ ಮುಂದಕ್ಕೆ ಹಾಕಿದ್ದೂ ಉಂಟು. ವಿನ್ಸೆಂಟನಂತೆ ಹೊರಗಿನಿಂದ ಬರುವವರ ಜೊತೆಗೆ ಕೊಲ್ಲಿಯಿಂದ ಮರಳುವ ನಮ್ಮವರಿಗೂ ಈಗ ಬೇಡಿಕೆಯಿದೆ, ಅವರ ದೊಡ್ಡ ವಿಮಾನದ ಗಂಟೆಗಳಿಗೆ ಬೆಲೆ ಬಂದಿದೆ. ಹಾಗೆ ಮರಳಿದವರನ್ನು ಕ್ಯಾಪ್ಟನ್ನರೆಂದೇ ತೆಗೆದುಕೊಂಡರೂ, ಜ್ಯೇಷ್ಠತೆಯನ್ನು ಪಾಲಿಸುವ ಸಂಸ್ಥೆಯಲ್ಲಿ ಅವರ ಹೆಸರು ಸೇರುವುದು ಪಟ್ಟಿಯ ಬುಡದಲ್ಲಿಯೇ. ಅದಕ್ಕೆ ಮೇಲಿನ ಸಾಲುಗಳಲ್ಲಿ, ಒಂದು ಕಾಲದಲ್ಲಿ ಅವರ ಬಲಗಡೆ ಕುಳಿತು ಹಾರಿ, ಹೋಗದೆ ಇಲ್ಲಿಯೇ ನಿಂತವರ ಹೆಸರುಗಳೂ ಇರುತ್ತವೆ.